ಒಂದೋ, ಎರಡೋ?

ಬ್ರಿಟನ್ನಿನ ಪೇಟೆಬೀದಿಯ ಕನ್ನಡಕದಂಗಡಿಗಳಲ್ಲಿ ಗಿರಾಕಿಗೆ ಸಾಮಾನ್ಯವಾಗಿ ಮೊದಲ ಸ್ವಾಗತ ಗಾಳಿಯದು. ಗಲ್ಲವನ್ನು ಯಂತ್ರದ ಮೇಲಿಟ್ಟರೆ ಕಣ್ಣಿಗೆ ಫುಸ್ಸೆಂದು ಊದಿ ಒಳಗಿನ ಒತ್ತಡ ಅಳೆಯುತ್ತದೆ. ನೋವಿಲ್ಲವೆಂಬ ಭರವಸೆ ನಿಜವೇ. ಆದರೂ ಎರಡನೆಯ ಕಣ್ಣು ಗಾಳಿ ಬರುವ ಮೊದಲೇ ಮುಚ್ಚಿಕೊಂಡಿರುತ್ತದೆ.

ಮುಂದಿನದು ಕತ್ತಲೆ ಕೋಣೆ. ಎದುರಿಗೆ ಡಚ್ ವೈದ್ಯ ಸ್ನೆಲೆನ್ 1862ರಲ್ಲಿ ಪ್ರಕಟಿಸಿದ ಅಕ್ಷರಫಲಕದ ವಂಶಜ. ಮಸೂರ ತಿರುಗಿಸುತ್ತ ಪರೀಕ್ಷಕರು ಕೇಳುತ್ತಾರೆ: “ಒಂದು ಚೆನ್ನಾಗಿದೆಯೋ, ಎರಡೋ?” ಗಿರಾಕಿ ಬೆವರುತ್ತಾನೆ. ತಪ್ಪು ಹೇಳಿದರೆ ನಪಾಸಾಗುವ ಭಯ. ಕೆಲವರು ಕೊನೆಯ ಸಾಲನ್ನು ಮೊದಲೇ ಬಾಯಿಪಾಠ ಮಾಡಿ ಗೆಲ್ಲುವುದೂ ಉಂಟು. ಬಹುಮಾನವಾಗಿ ತಪ್ಪು ಪವರಿನ ಕನ್ನಡಕ. ನಿಜಕ್ಕೂ ಪರೀಕ್ಷಕರು ಹುಡುಕುತ್ತಿರುವುದು ವ್ಯತ್ಯಾಸ ಅಳಿಸಿಹೋಗುವ ಬಿಂದುವನ್ನೇ. ಆದ್ದರಿಂದ “ಎರಡೂ ಒಂದೇ” ಎಂಬುದು ಒಳ್ಳೆಯ ಉತ್ತರ, ಹೇಳುವ ಧೈರ್ಯ ಬೇಕಷ್ಟೆ.

ಫ್ರೇಮಿನ ಆಯ್ಕೆಯಲ್ಲಿ ಬೇರೆ ಫಜೀತಿ. ಹೊಸದನ್ನು ಹಾಕಲು ಹಳೆಯದನ್ನು ತೆಗೆಯಬೇಕು, ತೆಗೆದರೆ ಕನ್ನಡಿಯಲ್ಲಿ ಮುಖವೇ ಕಾಣದು. ತೀರ್ಪು ಜೊತೆಗೆ ಬಂದ ಹೆಂಡತಿಯದು.

1984ರವರೆಗೆ ಬ್ರಿಟನ್ನಿನಲ್ಲಿ ಕನ್ನಡಕ ಮಾರುವ ಹಕ್ಕು ನೋಂದಾಯಿತ ದೃಷ್ಟಿತಜ್ಞರಿಗೆ, ವೈದ್ಯರಿಗೆ ಮಾತ್ರ ಇತ್ತು. ಕಾನೂನು ಸಡಿಲಗೊಂಡ ಮೇಲೆ ಜಾಹೀರಾತು, ಪೈಪೋಟಿ, ಒಂದಕ್ಕೊಂದು ಉಚಿತ, ಎಲ್ಲವೂ ಬಂದವು. ಉಚಿತದ ಜೋಡಿಗೂ ತೆಳು ಗಾಜು, ಪ್ರತಿಫಲನ ತಡೆಯುವ ಲೇಪನ ಬೇಕೆಂದರೆ ಬಿಲ್ಲು ಬೆಳೆಯುತ್ತದೆ. ಪರೀಕ್ಷೆ ಮುಗಿದೊಡನೆ ಪವರಿನ ಚೀಟಿ ಕೊಡಲೇಬೇಕೆಂಬ ಕಾನೂನಿದೆ. ಅದನ್ನು ಹಿಡಿದು ಬೇರೆ ಅಂಗಡಿಗೆ ಹೋಗಬಹುದು. ಕನ್ನಡಕ ಮಾಡಲು ಬೇಕಾದ ಪಾಪೆಗಳ ನಡುವಿನ ಅಂತರ ಮಾತ್ರ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 2006ರಿಂದ ಕಣ್ಣಿನ ಪರೀಕ್ಷೆ ಉಚಿತ, ಫ್ರೇಮಿಗೆ ದುಡ್ಡು.