ಹಿಗ್ಗುವ ರೆಸ್ಯೂಮೆ, ಕುಗ್ಗುವ ಗಂಟಲು

ಬೇಸಿಗೆ ರಜೆಯ ಸಂಶೋಧನಾ ಇಂಟರ್ನ್‌ಶಿಪ್‌ಗೆ ಸಂದರ್ಶನದ ಕರೆ ಬಂತೆಂದರೆ, ಎರಡನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಿಂತ ಮೊದಲು ಹಿಗ್ಗುವುದು ಅವನ ರೆಸ್ಯೂಮೆ. ಕಪ್ಪು ಟೇಪಿನ ಮೇಲೆ ಓಡಬೇಕಿದ್ದು ಗೋಡೆಗೆ ಗುದ್ದಿದ ಪುಟ್ಟ ಗಾಡಿ ಅಲ್ಲಿ ‘ಸ್ವಯಂಚಾಲಿತ ಪಥಾನ್ವೇಷಕ ವ್ಯವಸ್ಥೆ’ ಆಗುತ್ತದೆ. ಲ್ಯಾಬಿನ ಫ್ಯೂಸ್ ಹಾರಿಸಿದ್ದು ‘ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಅನುಭವ’.

ಎರಡನೆಯ ಹಂತ, ಪ್ರಾಧ್ಯಾಪಕರ ಪ್ರಬಂಧ ಓದುವುದು. ಶೀರ್ಷಿಕೆ ತಿಳಿಯದಿದ್ದರೆ ಸಾರಾಂಶ, ಅದೂ ತಿಳಿಯದಿದ್ದರೆ ಚಿತ್ರಗಳು. ಕೊನೆಗೆ ಪೂರ್ತಿ ಅರ್ಥವಾಗುವುದು ಕೃತಜ್ಞತೆಯ ಸಾಲು ಮಾತ್ರ.

ಮೂರನೆಯದು ಸಂದರ್ಶನ. ರಾತ್ರಿಯಿಡೀ ನ್ಯೂರಲ್ ನೆಟ್‌ವರ್ಕ್ ಉರು ಹೊಡೆದವನಿಗೆ ಕೇಳುವುದು, ಎಲ್‌ಇಡಿ ಜೊತೆ ರೆಸಿಸ್ಟರ್ ಏಕೆ ಎಂದು! 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ನುಂಗುತ್ತದೆ. ಉಳಿದ 3 ವೋಲ್ಟಿಗೆ 220 ಓಮ್ ಅಡ್ಡ ನಿಂತರೆ ಹರಿಯುವುದು ಸುಮಾರು 14 ಮಿಲಿಆಂಪಿಯರ್. 1827ರಲ್ಲಿ ಓಮ್ ಪ್ರಕಟಿಸಿದ ನಿಯಮ ಪಿಯುಸಿಯಲ್ಲೇ ಬಾಯಿಪಾಠ. ಆದರೆ ಆ ಕುರ್ಚಿಯಲ್ಲಿ ಗಂಟಲೇ ರೆಸಿಸ್ಟರ್.

ಆಗ ‘ಗೊತ್ತಿಲ್ಲ ಸರ್, ಯೋಚಿಸಿ ಹೇಳ್ತೀನಿ’ ಎಂದು ಪೆನ್ನು ಹಿಡಿದು ಸರ್ಕ್ಯೂಟ್ ಬರೆಯುವುದೇ ಜಾಣತನ. ಕಿಟಕಿಯ ಬಿಸಿಲಿಗೆ ಇನ್‌ಫ್ರಾರೆಡ್ ಸೆನ್ಸರ್ ಮೋಸಹೋಗಿದ್ದರಿಂದ ಗಾಡಿ ಗೋಡೆಗೆ ಗುದ್ದಿತೆಂದು ವಿವರಿಸಬಲ್ಲವನಿಗೆ, ಆ ಗುದ್ದೇ ಅನುಭವ.