‘ನಿದ್ದೆ ಮಾಡು ಅಂತಾರೆ ಸ್ವಾಮಿ!’

ಬೆಳಿಗ್ಗೆ ಹತ್ತಕ್ಕೆ ತತ್ಕಾಲ್ ತೆರೆದು, ಕಣ್ಣು ಮಿಟುಕಿಸುವುದರಲ್ಲಿ ವೇಟಿಂಗ್ ಲಿಸ್ಟ್ ಕಂಡವರೆಲ್ಲ ಶಾಪ ಹಾಕುವುದು ಬಾಟ್‌ಗಳಿಗೆ. ಬ್ರೌಸರನ್ನು ತಾನೇ ಓಡಿಸುವ ಆ ಕುಲದ ಹಿರಿತಲೆ ಸೆಲೆನಿಯಂ ಅವರನ್ನೇ ಹಿಡಿದು ಕೂರಿಸಿದೆವು.

ತಮ್ಮ ಪೂರ್ವಾಪರ?

ಹುಟ್ಟಿದ್ದು 2004, ಷಿಕಾಗೊ. ಥಾಟ್‌ವರ್ಕ್ಸ್‌ನ ಜೇಸನ್ ಹಗಿನ್ಸ್ ಹುಟ್ಟಿಸಿದರು. ಕಸುಬು ಪರೀಕ್ಷಕನದು. ವೆಬ್‌ಸೈಟ್ ಜನರ ಕೈಗೆ ಹೋಗುವ ಮೊದಲು ಗುಂಡಿ ಒತ್ತಿ ನೋಡಿ ಪಾಸೋ ಫೇಲೋ ಹೇಳೋದು. ಈಗೇನಾಗಿದೆ? ಪರೀಕ್ಷೆಯೂ ಇಲ್ಲ, ಫಲಿತಾಂಶವೂ ಇಲ್ಲ. ಯಾರೋ ಇಪ್ಪತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಗೀಚಿ, ‘ಲಾಗಿನ್ ಆಗು, ಫಾರಂ ತುಂಬು’ ಅಂತ ಗುಮಾಸ್ತಿಕೆಗೆ ಹಚ್ಚಿದಾರೆ. ಅದೂ ಹೋಗ್ಲಿ, ಸಾಲಿಗೊಂದು ‘ಸ್ಲೀಪ್ 5’!

ಫಾರಂ ಅಂದಿರಲ್ಲ, ‘ಲಾಸ್ಟ್ ನೇಮ್’ ಕಡ್ಡಾಯ ಅನ್ನುವ ಕೆಂಪು ನಕ್ಷತ್ರ ಬಂದರೆ ಏನು ತುಂಬುತ್ತೀರಿ? ನಮಗಿರುವುದು ಊರಿನದೊಂದು, ಅಪ್ಪನದೊಂದು ಇನಿಷಿಯಲ್.

ಚುಕ್ಕಿ ಇಡು ಅಂದ್ರೆ ಚುಕ್ಕಿ ಇಡ್ತೀನಿ. ಸ್ಲೀಪ್ ಕಥೆ ಕೇಳಿ. ಪುಟ ಅರೆಕ್ಷಣದಲ್ಲಿ ಬಂದರೂ ಐದು ಸೆಕೆಂಡು ಗೊರಕೆ ಹೊಡೀಬೇಕು. ಆರನೇ ಸೆಕೆಂಡಿಗೆ ಬಂತೋ, ‘ನೋ ಸಚ್ ಎಲಿಮೆಂಟ್’ ಅಂತ ಮಕಾಡೆ ಬೀಳಬೇಕು. ಗುಂಡಿ ಕಾಣೋವರೆಗೆ ಮಾತ್ರ ಕಾಯಿ ಅನ್ನೋಕೆ ‘ವೆಬ್‌ಡ್ರೈವರ್‌ವೇಟ್’ ಇದೆ. ಕರೆಯೋರೇ ಇಲ್ಲ!

ಕ್ರೋಮ್ ರಾತ್ರೋರಾತ್ರಿ ಅಪ್‌ಡೇಟ್ ಆಗಿ, ಹಳೇ ಡ್ರೈವರ್ ಕೈಕೊಡುತ್ತದಲ್ಲ?

2022ರಲ್ಲಿ ಬಂದ 4.6ನೇ ಆವೃತ್ತಿಯಿಂದ ಸೆಲೆನಿಯಂ ಮ್ಯಾನೇಜರ್ ತಾನೇ ಹೊಂದೋ ಡ್ರೈವರ್ ಹುಡುಕಿ ತರುತ್ತೆ. ಸ್ಲೀಪ್ ವಿಚಾರ ಇನ್ನೂ ಮುಗಿದಿಲ್ಲ...

2020ರಲ್ಲಿ ಬಂದ ಪ್ಲೇರೈಟ್‌ಗೆ ಹೇಳುವುದೇ ಬೇಡವಂತೆ, ಗುಂಡಿ ಸಿದ್ಧವಾಗುವವರೆಗೆ ತಾನೇ ಕಾಯುತ್ತದಂತೆ.

ಮೈಕ್ರೋಸಾಫ್ಟ್ ಮನೆ ಕೂಸು. ಉಳ್ಳವರ ಮಕ್ಕಳ ಸುದ್ದಿ ನಮಗ್ಯಾಕೆ?

ಇನಿಷಿಯಲ್ ಬಿಡಿಸಿ ಬರೆದರೆ ಆಧಾರಿಗೆ ತಾಳೆಯಾಗಲ್ಲ, ಬರೆಯದಿದ್ದರೆ ಫಾರಂ ಮುಂದಕ್ಕೆ ಹೋಗಲ್ಲ. ಇದನ್ನು ಯಾರೂ ಟೆಸ್ಟ್ ಮಾಡಲಿಲ್ಲವೆ?

ನಿಮ್ಮದೂ ಒಂದು ಸ್ಲೀಪ್ ಇದೆ ಅನ್ನಿ.

ಇರಲಿ. ತತ್ಕಾಲ್ ಪಾಪದಲ್ಲಿ ತಮ್ಮ ಪಾಲೆಷ್ಟು?

ನಾನು ಕದ್ದು ಬರೋನಲ್ಲ. ಬ್ರೌಸರನ್ನು ಯಂತ್ರ ಓಡಿಸ್ತಿದ್ರೆ ‘ನ್ಯಾವಿಗೇಟರ್ ಡಾಟ್ ವೆಬ್‌ಡ್ರೈವರ್’ ‘ಟ್ರೂ’ ಅಂತ ಸಾರಬೇಕು. 2018ರ ಡಬ್ಲ್ಯು3ಸಿ ಮಾನದಂಡದಲ್ಲೇ ಇದೆ. ಅದನ್ನು ಅಳಿಸಿ ಒಳಗೆ ನುಗ್ಗಿಸೋನು ಏಜೆಂಟು.

ಅಂದಮೇಲೆ ಕ್ಯಾಪ್ಚಾ ಇಟ್ಟಿರುವುದು ಸರಿಯೇ ತಾನೆ?

(ಇಲ್ಲಿಂದ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.) ಏನು ಸರಿ? ಆ ಸೊಟ್ಟ ಅಕ್ಷರ ಓದೋ ಸಾಫ್ಟ್‌ವೇರ್ ಏಜೆಂಟನ ಹತ್ತಿರ ಇದೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಕೇಳ್ಕೊಂಡು, ಒಂದೊಂದೇ ಅಂಕಣ ತಡಕಿ, ಇಡೀ ಫಾರಂ ತುಂಬ್ತಾರೆ. ಕೊನೆಗೆ ಒಂದು ಚಿತ್ರ. ‘ಇದರಲ್ಲಿರುವುದನ್ನು ಬರೆಯಿರಿ.’ ಎಷ್ಟೋ ಸೈಟುಗಳಲ್ಲಿ ಆಡಿಯೊ ಇಲ್ಲ, ಓಟಿಪಿ ಇಲ್ಲ. ‘ನೀನು ಮನುಷ್ಯನೇ ಅಂತ ಸಾಬೀತು ಮಾಡು’ ಅಂತ ಮನುಷ್ಯರನ್ನೇ ಆಚೆ ನಿಲ್ಲಿಸೋದು ಯಾವ ನ್ಯಾಯ? ಡಿಜಿಟಲ್ ಸೇವೆ ಎಲ್ಲರಿಗೂ ಎಟುಕೋದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟೇ ಹೇಳಿದೆ. ಸೈಟು ಕಟ್ಟೋರು ಪತ್ರಿಕೆ ಓದಲ್ವಾ?

ನಮ್ಮಲ್ಲಿ ಉತ್ತರವಿರಲಿಲ್ಲ. ಲಾಸ್ಟ್ ನೇಮ್ ಪ್ರಶ್ನೆ ಇನ್ನೂ ಮೂರಿದ್ದವು, ಜೇಬಿಗಿಟ್ಟೆವು.

ಓದುಗರಿಗೆ ಏನಾದರೂ?

ಸ್ಕ್ರಿಪ್ಟ್ ಬರೆಯೋರು ಕೊನೇಲಿ ‘ಡ್ರೈವರ್ ಡಾಟ್ ಕ್ವಿಟ್’ ಬರೀರಿ. ನಡುವೆ ಎಡವಿದರೂ ಅದು ನಡೆಯೋ ಹಾಗೆ ‘ಫೈನಲಿ’ ಒಳಗಿಡಿ. ಇಲ್ಲದಿದ್ರೆ ಕಣ್ಣಿಗೆ ಕಾಣದ ಕ್ರೋಮ್‌ಗಳು ನಿಮ್ಮ ಕಂಪ್ಯೂಟರಿನ ಮೆಮೊರಿ ತಿಂತಾ ಕೂತಿರುತ್ತವೆ.