ಪಿಎಚ್‌ಪಿಯ ವಠಾರವಾಸ

ನಮ್ಮ ಬಡಾವಣೆಯ ಕಲ್ಯಾಣ ಮಂಟಪಕ್ಕೆ ಒಂದು ವೆಬ್‌ಸೈಟ್ ಇದೆ. ಯಾವ ತಾರೀಕು ಖಾಲಿ, ಬಾಡಿಗೆ ಎಷ್ಟು, ಪಾತ್ರೆ ಮಂಟಪದ್ದೋ ಅಡುಗೆಯವರದ್ದೋ, ಇಷ್ಟು ಬಿಟ್ಟು ಬೇರೆ ವಿದ್ಯೆ ಅದಕ್ಕೆ ಬಾರದು. ಹದಿಮೂರು ವರ್ಷದ ಹಿಂದೆ ಪಿಎಚ್‌ಪಿಯಲ್ಲಿ ಅದನ್ನು ಬರೆದುಕೊಟ್ಟವನು ನಾನೇ. ಸಂಭಾವನೆ ಅಂತ ಒಂದು ಮದುವೆ ಊಟ ಸಿಕ್ಕಿತ್ತು, ಹೋಳಿಗೆ ಚೆನ್ನಾಗಿತ್ತು. ಸರ್ವರ್‌ನಲ್ಲಿ ಇಂಡೆಕ್ಸ್, ಇಂಡೆಕ್ಸ್-ಹಳೇದು, ಇಂಡೆಕ್ಸ್-ಫೈನಲ್, ಇಂಡೆಕ್ಸ್-ಫೈನಲ್-2 ಎಂಬ ನಾಲ್ಕು ಫೈಲುಗಳಿದ್ದವು. ಕೆಲಸ ಮಾಡುತ್ತಿರುವುದು ಯಾವುದು ಅಂತ ನನಗೂ ಖಾತ್ರಿ ಇರಲಿಲ್ಲ. ಆದರೂ ಓಡುತ್ತಿತ್ತು.

ಓಡುತ್ತಿತ್ತಲ್ಲ, ಅದೇ ತಪ್ಪಾಯಿತು. ಮ್ಯಾನೇಜರ ಅಕ್ಕನ ಮಗನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವಾಯಿತು. ಒಂದು ಭಾನುವಾರ ಬಂದವನು ಸೈಟನ್ನು ನೋಡಿ, ಮದುವೆ ಮನೆಗಳಲ್ಲಿ ಹೆಂಗಸರು ‘ದೊಡ್ಡವಳಿಗೆ ಇನ್ನೂ ಆಗಿಲ್ವಾ?’ ಎಂದು ಕೇಳುವ ಧಾಟಿಯಲ್ಲೇ ಕೇಳಿದ: “ಅಂಕಲ್, ಇದು ಇನ್ನೂ ಡಾಕರ್‌ಗೆ ಹೋಗಿಲ್ವಾ?”

ಹೋಗಿರಲಿಲ್ಲ. ನಾಚಿಕೆಯಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ವರ್ಚುವಲ್ ಮಷೀನ್ ಎಂದರೆ ಸ್ವಂತ ಸೈಟಿನಲ್ಲಿ ಕಟ್ಟಿಸಿದ ಮನೆ. ಕಂಟೇನರ್ ಎಂದರೆ ವಠಾರದ ಮನೆ: ಬಾಗಿಲು ಬೇರೆ, ಒಲೆ ಬೇರೆ, ಬಾವಿ ಮಾತ್ರ ಎಲ್ಲರಿಗೂ ಒಂದೇ. ಆ ಬಾವಿಯೇ ಲಿನಕ್ಸ್ ಕರ್ನೆಲ್. ಯಾರ ಕಿಟಕಿಯಿಂದ ಏನು ಕಾಣಬೇಕು ಎಂಬುದನ್ನು ನೇಮ್‌ಸ್ಪೇಸ್ ನೋಡಿಕೊಳ್ಳುತ್ತದೆ, ಯಾರಿಗೆ ಎಷ್ಟು ಕೊಡ ನೀರು ಎಂಬುದನ್ನು ಸಿಗ್ರೂಪ್. ಈ ವಿದ್ಯೆ ಲಿನಕ್ಸ್‌ನಲ್ಲಿ ಮೊದಲೇ ಇತ್ತು. 2013ರ ಮಾರ್ಚಿನಲ್ಲಿ ಸಾಂತಾ ಕ್ಲಾರಾದ ಪೈಕಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಎಂಬಾತ ಅದಕ್ಕೊಂದು ಸುಲಭದ ಹಿಡಿ ಜೋಡಿಸಿ, ಡಾಕರ್ ಎಂದು ಹೆಸರಿಟ್ಟು, ಐದು ನಿಮಿಷದಲ್ಲಿ ತೋರಿಸಿ ಕೆಳಗಿಳಿದ. ಅಲ್ಲಿ ಐದು ನಿಮಿಷದಲ್ಲಿ ಮುಗಿದದ್ದಕ್ಕೆ ಬೆಂಗಳೂರಿನಲ್ಲಿ ವಾರಾಂತ್ಯದ ತರಗತಿಗಳು ಇಂದಿಗೂ ನಡೆಯುತ್ತಿವೆ.

ಪಿಎಚ್‌ಪಿಯದು ಇದಕ್ಕಿಂತ ಬಡ ಹುಟ್ಟು. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬಾತ, ಅಂತರ್ಜಾಲದಲ್ಲಿ ಹಾಕಿದ್ದ ತನ್ನ ರೆಸ್ಯೂಮೆಯನ್ನು ಯಾರು ನೋಡಿ ಹೋದರು ಎಂದು ಲೆಕ್ಕ ಇಡಲು ಬರೆದುಕೊಂಡದ್ದು ಅದು. ಅಂದರೆ ಪಿಎಚ್‌ಪಿ ಹುಟ್ಟಿದ್ದು ರೆಸ್ಯೂಮೆ ನೋಡಿದವರನ್ನು ಎಣಿಸಲು. ನಮ್ಮೂರಲ್ಲಿ ಅದನ್ನು ಕಂಟೇನರಿಗೆ ತುಂಬುತ್ತಿರುವುದು ರೆಸ್ಯೂಮೆಗೆ ಸೇರಿಸಲು.

ಒಂದೇ ಬಾಡಿಗೆ ಸರ್ವರ್‌ನಲ್ಲಿ ಹೊಂದಿಕೊಂಡಿದ್ದ ಸಂಸಾರವನ್ನು ಹುಡುಗ ನಾಲ್ಕು ಮನೆಗಳಿಗೆ ಹಂಚಿದ. ಎಂಜಿನ್‌ಎಕ್ಸ್‌ಗೆ ಒಂದು, ಪಿಎಚ್‌ಪಿಗೆ ಒಂದು, ಮೈಎಸ್‌ಕ್ಯೂಎಲ್‌ಗೆ ಒಂದು. ನಾಲ್ಕನೆಯದು ರೆಡಿಸ್. ಅದು ಯಾಕಪ್ಪಾ ಎಂದೆ. “ಇರ್ಲಿ ಅಂಕಲ್, ಎಲ್ರೂ ಹಾಕ್ತಾರೆ.”

ನನ್ನ ಹಳೆಯ ಕೋಡು ಡೇಟಾಬೇಸನ್ನು ಮಾತಾಡಿಸುವ ರೀತಿ 2015ರಲ್ಲಿ ಪಿಎಚ್‌ಪಿ 7 ಬಂದಾಗಲೇ ಕಿತ್ತುಹೋಗಿತ್ತು. ತಿದ್ದಿದರೆ ಎರಡು ದಿನದ ಕೆಲಸ, ನಾನೇ ಕೂರುತ್ತೇನೆ ಎಂದೆ. “ತಿದ್ದೋದ್ಯಾಕೆ? 5.6ರ ಇಮೇಜ್ ಸಿಗುತ್ತಲ್ಲ!” ಇಮೇಜ್ ಎಂದರೆ ಕಂಟೇನರಿನ ಸಿದ್ಧ ಅಚ್ಚು; ಸಿಗುತ್ತದೆ, ಸುಳ್ಳಲ್ಲ. ಆ 5.6ಕ್ಕೆ 2018ರ ಡಿಸೆಂಬರ್ 31ರಂದೇ ಬಾಗಿಲು ಹಾಕಿದ್ದಾರೆ. ಅಲ್ಲಿಂದಾಚೆ ಕಂಡ ತೂತುಗಳಿಗೆ ಅದನ್ನು ಮಾಡಿದವರು ತೇಪೆ ಹಾಕುವುದಿಲ್ಲ. ಹಳಸಿದ ಹುಳಿಯನ್ನು ಹೊಸ ಕ್ಯಾರಿಯರಿಗೆ ಬಗ್ಗಿಸಿ ಮುಚ್ಚಳ ಹಾಕಿದ ಹಾಗಾಯಿತು.

ಮುಂದಿನದು ಲೋಕಲ್‌ಹೋಸ್ಟ್ ಪ್ರಕರಣ. ಡೇಟಾಬೇಸ್ ಎಲ್ಲಿದೆ ಎಂಬಲ್ಲಿ ನನ್ನ ಕೋಡು ‘ಲೋಕಲ್‌ಹೋಸ್ಟ್’ ಎನ್ನುತ್ತಿತ್ತು, ಅಂದರೆ ‘ನಮ್ಮನೇಲಿ’. ವಠಾರದಲ್ಲಿ ಪ್ರತಿಯೊಬ್ಬರೂ ‘ನಮ್ಮನೆ’ ಎನ್ನುವುದು ತಂತಮ್ಮ ಮನೆಗೇ. ಡೇಟಾಬೇಸು ಪಕ್ಕದ ಮನೆಗೆ ಹೋಗಿ ಕೂತಿದೆ, ಪಿಎಚ್‌ಪಿ ತನ್ನ ಅಡುಗೆಮನೆಯಲ್ಲಿ ಅದನ್ನು ಹುಡುಕುತ್ತಿದೆ. ಸಿಗದಿದ್ದಾಗ ‘ಡೇಟಾಬೇಸ್ ಇಲ್ಲ’ ಎಂದಾದರೂ ಹೇಳಬಹುದಿತ್ತು. ‘ಅಂಥ ಫೈಲಾಗಲಿ ಫೋಲ್ಡರಾಗಲಿ ಇಲ್ಲ’ ಎಂದಿತು. ಲೋಕಲ್‌ಹೋಸ್ಟ್ ಎಂದೊಡನೆ ಅದು ನೆಟ್‌ವರ್ಕ್ ಬಿಟ್ಟು ಒಂದು ಸಾಕೆಟ್ ಫೈಲನ್ನು ಹುಡುಕಿಕೊಂಡು ಹೋಗುತ್ತದೆ. ಹುಡುಗ ಇಡೀ ಶನಿವಾರ ಇಲ್ಲದ ಫೈಲಿಗಾಗಿ ತಡಕಾಡಿದ. ಕೊನೆಗೆ ಲೋಕಲ್‌ಹೋಸ್ಟ್ ಅಳಿಸಿ ಪಕ್ಕದ ಮನೆಯ ಹೆಸರು ಬರೆದದ್ದು ನಾನು. ಎರಡಕ್ಷರ: ಡಿಬಿ.

ಆಮೇಲೆ ಇಮೇಜ್ ದಪ್ಪವಾಯಿತೆಂದು ಡೆಬಿಯನ್ ಲಿನಕ್ಸ್ ಬಿಟ್ಟು ಪುಟ್ಟ ಆಲ್ಪೈನ್ ಲಿನಕ್ಸ್ ಹಿಡಿದ. ಫೈಲುಗಳ ಯಜಮಾನನಿಗೆ ಎರಡೂ ಕಡೆ ಒಂದೇ ಹೆಸರು, ನಂಬರು ಮಾತ್ರ ಬೇರೆ: ಅಲ್ಲಿ 33, ಇಲ್ಲಿ 82. ಹೆಸರು ಯಾರು ಕೇಳುತ್ತಾರೆ, ಕರ್ನೆಲ್ ನೋಡುವುದು ನಂಬರನ್ನು. ಮಂಟಪದ ಫೋಟೋ ಯಾವುದೂ ಅಪ್‌ಲೋಡ್ ಆಗಲಿಲ್ಲ. ಅದಕ್ಕೆ ಹುಡುಗ ಕೊಟ್ಟ ಮದ್ದು ನಮ್ಮ ಕಾಲದ್ದೇ: 777. ಬೀಗ ತೆಗೆಯಲು ಬಾರದಿದ್ದರೆ ಬಾಗಿಲನ್ನೇ ಕಿತ್ತಿಡುವುದು. ತಂತ್ರಜ್ಞಾನ ಎಷ್ಟು ಮುಂದುವರಿದರೂ ಪರಂಪರೆ ಉಳಿದಿದೆ, ಕಣ್ಣು ತುಂಬಿ ಬಂತು.

ಕಂಟೇನರನ್ನು ಬೈಯುತ್ತಿಲ್ಲ ನಾನು. 1956ರಲ್ಲಿ ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಮಾಲೀಕ 58 ಪೆಟ್ಟಿಗೆಗಳನ್ನು ಹಡಗಿಗೆ ಏರಿಸಿ ನ್ಯೂವಾರ್ಕ್‌ನಿಂದ (ನ್ಯೂಯಾರ್ಕ್ ಅಲ್ಲ, ಅದರ ಪಕ್ಕದ ನ್ಯೂವಾರ್ಕ್) ಹ್ಯೂಸ್ಟನ್‌ಗೆ ಕಳಿಸಿ ಜಗತ್ತಿನ ವ್ಯಾಪಾರವನ್ನೇ ಬದಲಿಸಿದ. ಕ್ರೇನ್ ನಡೆಸುವವನಿಗೆ ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿಯಬೇಕಾಗಿಲ್ಲ, ಅದೇ ಅದರ ಸೊಗಸು. ನಮ್ಮಲ್ಲಿ ತುಂಬಿದವನಿಗೂ ತಿಳಿದಿರುವುದಿಲ್ಲ.

ಅದು ಗೊತ್ತಾದದ್ದು ಒಂದು ಸೋಮವಾರ. ಸೈಟು ನಿಧಾನವೆಂದು ಹುಡುಗ ಎಲ್ಲವನ್ನೂ ಒಮ್ಮೆ ಕೆಡವಿ ಎಬ್ಬಿಸಲು ಹೊರಟ. ‘ಕಂಪೋಸ್ ಡೌನ್’ ಎಂದು ಹೊಡೆದಿದ್ದರೆ ಸಾಕಿತ್ತು. ಎಲ್ಲಿಂದಲೋ ಎತ್ತಿ ತಂದ ಸಾಲಿನ ಬಾಲದಲ್ಲಿ ಒಂದು ಸಣ್ಣ ‘ವಿ’ ಇತ್ತು. ‘ವಿ’ ಎಂದರೆ ವಾಲ್ಯೂಮನ್ನೂ ಅಳಿಸು ಎಂದು. ಡೇಟಾಬೇಸ್ ಇದ್ದದ್ದು ವಾಲ್ಯೂಮಿನಲ್ಲಿ. ಎದ್ದು ಬಂದ ಸೈಟು ಹೂವಿನಷ್ಟು ಹಗುರ, ಅತಿ ವೇಗ. ವರ್ಷದ ಎಲ್ಲ ತಾರೀಕೂ ಖಾಲಿ.

ಬ್ಯಾಕಪ್ ಇತ್ತು. ಪ್ರತಿ ರಾತ್ರಿ ತಪ್ಪದೆ ಆಗುತ್ತಿತ್ತು. ಅದೇ ಕಂಟೇನರಿನ ಒಳಗೆ.

ಮ್ಯಾನೇಜರು ಏನೂ ಮಾತಾಡದೆ ಬೀರುವಿನಿಂದ ಕೆಂಪು ರಟ್ಟಿನ ಲೆಡ್ಜರು ತೆಗೆದರು. ದೀಪಾವಳಿಯವರೆಗಿನ ಬುಕಿಂಗೆಲ್ಲ ಮುತ್ತಿನಂಥ ಅಕ್ಷರದಲ್ಲಿತ್ತು. ಆಮೇಲಿನ ಪುಟಗಳು ಬಿಳಿ. ‘ಇನ್ನು ಅದೆಲ್ಲ ಯಾಕೆ ಸಾರ್, ಕಂಪ್ಯೂಟರ್ ಇದೆಯಲ್ಲ’ ಎಂದು ಬರೆಯುವುದನ್ನು ನಿಲ್ಲಿಸಿದವನೂ ನಾನೇ.

ಹುಡುಗ ಈಗ ಬೇರೆ ಕಂಪನಿಯಲ್ಲಿದ್ದಾನೆ, ಸಂಬಳ ಹೆಚ್ಚು. ಪಿಎಚ್‌ಪಿ 5.6 ಅದೇ ಮನೆಯಲ್ಲಿದೆ.

ದೀಪಾವಳಿಯಿಂದೀಚೆಗೆ ಆನ್‌ಲೈನ್‌ನಲ್ಲಿ ನಮ್ಮ ಮಂಟಪ ಹಿಡಿದವರು, ಅದರಲ್ಲೂ ವೈಶಾಖದ ಮುಹೂರ್ತದವರು, ದಯವಿಟ್ಟು ರಶೀದಿ ಸಮೇತ ಒಮ್ಮೆ ಆಫೀಸಿಗೆ ಬಂದು ಹೋಗಿ. ಸಂಜೆ ಐದರೊಳಗೆ ಬನ್ನಿ, ಆಮೇಲೆ ಮ್ಯಾನೇಜರು ಇರುವುದಿಲ್ಲ.